ಮನಿಲಾದ ಮಾರ್ಮನ್ ಮಂದಿರದಲ್ಲಿ ನನ್ನ ವಂದನಾರ್ಪಣೆ

ವಂದನಾರ್ಪಣೆ ಮಾಡುವವನ ಮುಖವನ್ನು ನೀವು ಯಾವತ್ತಾದರೂ ಸರಿಯಾಗಿ ನೋಡಿದ್ದೀರಾ? ಖಂಡಿತ ನೋಡಿರುವುದಿಲ್ಲ. ಅವನು ಮೈಕಿನ ಮುಂದೆ ಬಂದು ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ನೀವು ಕುರ್ಚಿಯ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕುತ್ತಿರುತ್ತೀರಿ. 'ವೇದಿಕೆಯ ಮೇಲೆ ಆಸೀನರಾಗಿರುವ' ಎಂದು ಅವನು ಶುರುಮಾಡುವಷ್ಟರಲ್ಲಿ ಆಸೀನರಾಗಿದ್ದವರೂ ಕೆಳಗಿಳಿದು ಊಟದ ಸಾಲಿನಲ್ಲಿ ತಟ್ಟೆ ಹಿಡಿದಿರುತ್ತಾರೆ. ತಪ್ಪು ನಿಮ್ಮದಲ್ಲ ಬಿಡಿ, ಬೇರೆಯವರು ವಂದಿಸುವಾಗ ನಾನೂ ಹಾಗೆಯೇ ಮಾಡುತ್ತೇನೆ. ಆದರೆ ನಮ್ಮ ಸಿಂಧನೂರಿನಲ್ಲಿ ಬೇರೆಯವರು ವಂದಿಸುವುದೇ ಅಪರೂಪ. ಬೀಜ-ಗೊಬ್ಬರ ವ್ಯಾಪಾರಿಗಳ ಸಂಘವಿರಲಿ, ಓಣಿಯ ಗಣಪತಿ ಮಂಡಳಿಯಿರಲಿ, ಹಳೆಯ ವಿದ್ಯಾರ್ಥಿಗಳ ಕೂಟವಿರಲಿ, ಇಪ್ಪತ್ತು ವರ್ಷದಿಂದ ಆ ಕೆಲಸ ನನ್ನ ತಲೆಗೇ ಕಟ್ಟಲಾಗಿದೆ. ಸ್ವಾಗತಕ್ಕೆ ಯಾರು, ಪ್ರಾಸ್ತಾವಿಕಕ್ಕೆ ಯಾರು ಎಂದು ಸಂಘದಲ್ಲಿ ಅರ್ಧ ದಿನ ಜಗಳವಾಗುತ್ತದೆ. ವಂದನಾರ್ಪಣೆಯ ಮಾತು ಬಂದಾಗ ಮಾತ್ರ ಎಲ್ಲರೂ ಒಂದೇ ಬಾಯಿಯಲ್ಲಿ "ಅದಕ್ಕ ಅಮರೇಶಪ್ಪ ಅದಾನಲ್ಲ, ಮುಗಿಸ್ತಾನ ಬಿಡ್ರಿ" ಎನ್ನುತ್ತಾರೆ. ಆ ಅಮರೇಶಪ್ಪ ನಾನೇ.

ನನ್ನ ಜೀವನದ ಆಸೆ ದೊಡ್ಡದೇನಲ್ಲ. ಒಮ್ಮೆ, ಒಂದೇ ಒಂದು ಸಲ, ಕುಳಿತ ಜನ ಎದ್ದು ಹೋಗದೆ ನನ್ನ ಮಾತನ್ನು ಕೊನೆಯವರೆಗೆ ಕೇಳಬೇಕು. ಅಷ್ಟೇ. ಮಸ್ಕಿಯ ಒಂದು ರೈತ ಸಮಾವೇಶದಲ್ಲಿ ನಾನು ಶಾಮಿಯಾನದವರಿಗೆ ವಂದಿಸುತ್ತಿದ್ದಾಗಲೇ ಆ ಶಾಮಿಯಾನದವರು ನನ್ನ ಕಾಲಡಿಯ ಜಮಖಾನೆ ಸುತ್ತತೊಡಗಿದ್ದರು. "ಸ್ವಲ್ಪ ಕಾಲೆತ್ತರಿ ಸಾವ್ಕಾರ್ರ" ಎಂದರು, ನಾನು ಎತ್ತಿದೆ, ಒಂಟಿಕಾಲಲ್ಲಿ ನಿಂತೇ ಪತ್ರಿಕಾ ಮಿತ್ರರಿಗೆ ವಂದಿಸಿದೆ. ಲಿಂಗಸುಗೂರಿನಲ್ಲಿ ಮೈಕ್ ಸೆಟ್ಟಿನವನಿಗೆ ಇನ್ನೊಂದು ಕಡೆ ಮದುವೆಯ ಬಾಡಿಗೆ ಇತ್ತಂತೆ. ಮಾತಿನ ನಡುವೆಯೇ ವೈರು ಕಿತ್ತುಕೊಂಡು ಹೋದ. ಬಂಗಾಲಿ ನಿರಾಶ್ರಿತರು ಬಂದು ನೆಲೆಸಿದ ಆರ್.ಎಚ್. ಕ್ಯಾಂಪಿನಲ್ಲಿ ಮಾತ್ರ ಒಂದು ಸಲ ಒಬ್ಬರು ಕುಳಿತಿದ್ದರು. ಭತ್ತ ಬೆಳೆಯುವ ಬಂಗಾಲಿ ಹಿರಿಯರು, ನನ್ನ ಹಳೆಯ ಗಿರಾಕಿ ಮಂಡಲ್ ಬಾಬು. ನನ್ನ ಎದೆ ಉಬ್ಬಿತು ನೋಡಿ! ಇಡೀ ವಂದನಾರ್ಪಣೆಯನ್ನು ಅವರೊಬ್ಬರ ಕಣ್ಣಿಗೆ ಕಣ್ಣಿಟ್ಟು ಮಾಡಿದೆ. ಮುಗಿಸಿ ಕೈಮುಗಿದಾಗ ಅವರು ಮೆಲ್ಲಗೆ ಎದ್ದು ಬಂದು, "ಅಮರೇಶಣ್ಣಾ, ನನ್ನ ಗಾಡಿ ಚಾವಿ ನಿಮ್ಮ ಟೇಬಲ್ ಮ್ಯಾಲ ಐತಿ. ಮುಗೀತಂದ್ರ ತಗೋತೀನಿ" ಎಂದರು.

ಇಂಥ ನನಗೆ ವಿದೇಶ ಪ್ರವಾಸದ ಯೋಗ ಬಂತು. ಗೊಬ್ಬರದ ಕಂಪನಿಯವರು ವರ್ಷಕ್ಕೊಮ್ಮೆ ನನ್ನಂಥ ಬೀಜ-ಗೊಬ್ಬರದ ಅಂಗಡಿಯವರನ್ನು ಗುಂಪು ಕಟ್ಟಿ ಎಲ್ಲಿಗಾದರೂ ಕರೆದುಕೊಂಡು ಹೋಗುತ್ತಾರೆ. ಈ ಸಲ ಫಿಲಿಪೈನ್ಸಿನ ಮನಿಲಾ, ಅದೂ ಜೋಡಿಯಾಗಿ! ನನ್ನ ಹೆಂಡತಿ ನೀಲಮ್ಮ ಎರಡು ಇಳಕಲ್ ಸೀರೆ, ಒಂದು ಡಬ್ಬಿ ಶೇಂಗಾ ಹಿಂಡಿ, ಮೂವತ್ತು ಖಡಕ್ ರೊಟ್ಟಿ ಕಟ್ಟಿಕೊಂಡು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಳು. ಅವಳು ಹಟ್ಟಿಯವಳು. ಚಿನ್ನದ ಗಣಿಯ ಕಂಪನಿ ಕ್ವಾರ್ಟರ್ಸಿನಲ್ಲಿ ತಮಿಳರು, ಮಲಯಾಳಿಗಳು, ತೆಲುಗರ ನಡುವೆ ಬೆಳೆದವಳಾದ್ದರಿಂದ ಅವಳಿಗೆ ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಅಂಜಿಕೆಯಿಲ್ಲ. ಇಂಗ್ಲಿಷ್ ಪೂರಾ ತಿಳಿಯುತ್ತದೆ, ಆದರೆ ಮಾತಾಡುವುದಿಲ್ಲ. ನನ್ನದು ಅದರ ಉಲ್ಟಾ. ನನ್ನ ಇಂಗ್ಲಿಷ್ ಎಲ್ಲಾ ಕೀಟನಾಶಕದ ಡಬ್ಬಿಗಳ ಮೇಲಿನಿಂದ ಕಲಿತದ್ದು. ಬಳಸುವ ಮುನ್ನ ಚೆನ್ನಾಗಿ ಕುಲುಕಿ, ಮಕ್ಕಳ ಕೈಗೆ ಸಿಗದಂತೆ ಇಡಿ ಎಂಬುದನ್ನು ನಾನು ನಿದ್ದೆಯಲ್ಲೂ ಇಂಗ್ಲಿಷಿನಲ್ಲಿ ಹೇಳಬಲ್ಲೆ. ಅದರಾಚೆಗೆ ಧೈರ್ಯವೊಂದೇ ಬಂಡವಾಳ.

ಮನಿಲಾದಲ್ಲಿ ಭಾನುವಾರ ಬೆಳಗ್ಗೆ ನಮಗೆ ಬಿಡುವು. ಉಳಿದ ಅಂಗಡಿಯವರೆಲ್ಲ ದೊಡ್ಡ ಮಾಲ್ ನೋಡಲು ಹೋದರು. ನಾವಿಬ್ಬರು ಹೋಟೆಲಿನ ಹಿಂದಿನ ಬೀದಿಯಲ್ಲಿ ಅಡ್ಡಾಡುತ್ತ ಹೊರಟೆವು. ತಿರುವಿನಲ್ಲಿ ಒಂದು ಬೆಳ್ಳಗಿನ ಕಟ್ಟಡ, ಮೇಲೆ ಚೂಪಾದ ಗೋಪುರ, ಮುಂದೆ ಕತ್ತರಿಸಿಟ್ಟ ಹುಲ್ಲು. ಶಿಲುಬೆ ಎಲ್ಲೂ ಕಾಣಲಿಲ್ಲ. ಬಿಳಿ ಅಂಗಿ, ಟೈ ಹಾಕಿದ ಗಂಡಸರು, ಉದ್ದ ಲಂಗದ ಹೆಂಗಸರು ಮಕ್ಕಳ ಕೈಹಿಡಿದು ಒಳಗೆ ಹೋಗುತ್ತಿದ್ದರು. "ಯಾರ್ದೋ ಮದಿವಿ ಐತಿ, ಬರ್ರಿ ಸರಿಯೋಣು" ಎಂದಳು ನೀಲಮ್ಮ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ದುಂಡುಮುಖದ ಹೆಂಗಸೊಬ್ಬಳು ಓಡಿಬಂದು ಅವಳ ಸೀರೆಯ ಸೆರಗು ಹಿಡಿದು "ಬ್ಯೂಟಿಫುಲ್! ಬ್ಯೂಟಿಫುಲ್!" ಎಂದು ಕೂಗಿದಳು. ಅವಳ ಹೆಸರು ರೋಸಾ. ಇದು ಮಾರ್ಮನ್ ಎಂಬ ಕ್ರೈಸ್ತ ಪಂಥದವರ ಪ್ರಾರ್ಥನಾ ಮಂದಿರ, ಯಾರು ಬೇಕಾದರೂ ಬರಬಹುದು, ದಯವಿಟ್ಟು ಬನ್ನಿ ಎಂದಳು. ನನ್ನನ್ನು ಬ್ರದರ್, ನೀಲಮ್ಮನನ್ನು ಸಿಸ್ಟರ್ ಎಂದಳು. ಅಣ್ಣಾ, ಅಕ್ಕಾ ಎಂದು ಕರೆದು ಬಾಗಿಲಿಗೆ ಬಂದು ನಿಂತವರ ಮುಂದೆ ಒಲ್ಲೆ ಎನ್ನಲು ನಮ್ಮ ಕಡೆಯವರಿಗೆ ಬಾಯಿ ಬರುವುದಿಲ್ಲ.

ಒಳಗೆ ಕಾಲಿಡುವ ಮೊದಲು ನಾನು ಮಾಡಬೇಕಾದದ್ದನ್ನು ಮಾಡಿದೆ. ಬೂಟು ಬಿಚ್ಚಿದೆ. ಬಿಚ್ಚಿದ್ದಷ್ಟೇ ಅಲ್ಲ, ಒಂದನ್ನು ಬಾಗಿಲ ಎಡಕ್ಕೆ, ಇನ್ನೊಂದನ್ನು ಬಲಗಡೆಯ ಹೂಕುಂಡದ ಹಿಂದೆ ಇಟ್ಟೆ. ದೇವಸ್ಥಾನಕ್ಕೆ ಹೋದಾಗ ಜೋಡನ್ನು ಬೇರೆ ಬೇರೆ ಇಟ್ಟರೆ ಕಳ್ಳ ಕೈಹಾಕುವುದಿಲ್ಲ ಎಂಬುದು ಗುರುಗುಂಟಾದ ಅಮರೇಶ್ವರನ ಗುಡಿಯಲ್ಲಿ ನಮ್ಮಪ್ಪ ನನಗೆ ಕಲಿಸಿದ ಮೊದಲ ಪಾಠ. ನೀಲಮ್ಮನೂ ಚಪ್ಪಲಿ ಹಾಗೆಯೇ ಇಟ್ಟಳು. ಒಳಗೆ ಹೋಗಿ ನೋಡುತ್ತೇನೆ, ಇಡೀ ಸಭೆ ಬೂಟು ಹಾಕಿಕೊಂಡೇ ಕುಳಿತಿದೆ! ನನ್ನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಬಂದು ಎಲ್ಲರನ್ನೂ ನೋಡುತ್ತಿತ್ತು. ಅಷ್ಟರಲ್ಲಿ ಕೋಟು ಹಾಕಿದ ಹಿರಿಯರೊಬ್ಬರು ಎಡಗೈಯಲ್ಲಿ ನನ್ನ ಜೋಡು, ಬಲಗೈಯಲ್ಲಿ ನೀಲಮ್ಮನ ಜೋಡು ಹಿಡಿದುಕೊಂಡು, ಅವು ದಾರಿತಪ್ಪಿ ಬೇರೆಬೇರೆಯಾಗಿದ್ದವು ಎಂಬ ಕಾಳಜಿಯಿಂದ ತಂದು ನಮ್ಮ ಕಾಲ ಬಳಿ ಇಟ್ಟರು. ಅವರು ಯಾರು ಎಂದು ರೋಸಾಳನ್ನು ಕೇಳಿದೆ. ಅವರೇ ಈ ಮಂದಿರದ ಬಿಷಪ್ ಎಂದಳು. ವಾರವಿಡೀ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾರಂತೆ, ಭಾನುವಾರ ಈ ಸೇವೆಯಂತೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಒಬ್ಬ ಅಂಗಡಿಕಾರ ಇನ್ನೊಬ್ಬ ಅಂಗಡಿಕಾರನ ಬೂಟು ಹೊತ್ತು ತಂದದ್ದನ್ನು ನಾನು ನಮ್ಮ ಸಂಘದಲ್ಲಂತೂ ಕಂಡಿಲ್ಲ.

ಹಾಡಾಯಿತು, ಪ್ರಾರ್ಥನೆಯಾಯಿತು. ಆಮೇಲೆ ತಟ್ಟೆಯಲ್ಲಿ ಪ್ರಸಾದದಂತೆ ಬ್ರೆಡ್ಡಿನ ಚೂರುಗಳು ಕೈಯಿಂದ ಕೈಗೆ ಬಂದವು. ಉಳಿದವರು ಎರಡು ಬೆರಳಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡರು. ನಾನು ಬಲಗೈಯ ಕೆಳಗೆ ಎಡಗೈ ಹಿಡಿದು, ಚೂರನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟೆ. ಪುಟ್ಟ ಲೋಟದಲ್ಲಿ ನೀರು ಬಂತು. ಅಂಗೈಗೆ ಸುರಿದುಕೊಂಡು ಮೂರು ಸಲ ಹೀರಿ, ಉಳಿದದ್ದನ್ನು ತಲೆಗೆ ಸವರಿಕೊಂಡೆ. ಮುಂದಿನ ಸಾಲಿನ ಮಗುವೊಂದು ತಿರುಗಿ ನೋಡಿ ತಾನೂ ತಲೆಗೆ ಸವರಿಕೊಂಡಿತು. ನೀಲಮ್ಮ ಅರ್ಧ ತಿಂದು ಇನ್ನರ್ಧವನ್ನು ಸೆರಗಿನ ತುದಿಗೆ ಗಂಟು ಹಾಕಿದಳು. "ಬಾಜು ಮನಿ ಶಂಕ್ರಮ್ಮಗ ಒಯ್ದು ಕೊಡಬೇಕು" ಎಂದಳು. ಇಂದು ತಿಂಗಳ ಮೊದಲ ಭಾನುವಾರ, ನಮಗೆಲ್ಲ ಎರಡು ಹೊತ್ತಿನ ಉಪವಾಸ ಎಂದು ರೋಸಾ ಪಿಸುಗುಟ್ಟಿದಾಗ ನೀಲಮ್ಮನಿಗೆ ಆದ ಸಂತೋಷ ಹೇಳತೀರದು. "ನೋಡ್ರಿ, ಇವರೂ ನಮ್ಮಂಗ ಒಪ್ಪತ್ತು ಮಾಡ್ತಾರ!" ಎಂದು ನನ್ನ ತೊಡೆ ಚಿವುಟಿದಳು. ಚಹಾ ಕುಡಿಯುವ ಪದ್ಧತಿಯೇ ಇವರಲ್ಲಿಲ್ಲ ಎಂದಾಗ ಮಾತ್ರ ಅವಳ ಮುಖ ಸಣ್ಣದಾಯಿತು.

ಆಮೇಲೆ ಬಿಷಪ್ ಎದ್ದು ನಿಂತು, ಇನ್ನು ಮುಂದಿನ ಸಮಯ ನಿಮ್ಮೆಲ್ಲರದು, ಮನಸ್ಸಿನಲ್ಲಿದ್ದುದನ್ನು ಬಂದು ಹೇಳಿ ಎಂದು ಸುಮ್ಮನೆ ಕುಳಿತುಬಿಟ್ಟರು. ನಿರೂಪಕನಿಲ್ಲ, ಪಟ್ಟಿಯಿಲ್ಲ, ಮುಖ್ಯ ಅತಿಥಿಯಿಲ್ಲ. ಮೈಕು ಖಾಲಿ ನಿಂತಿದೆ! ಒಬ್ಬ ಮುದುಕ ಹೋಗಿ ನಾಲ್ಕು ಮಾತಾಡಿದ. ದೇವರಿಗೆ ವಂದನೆ, ಹೆಂಡತಿಗೆ ವಂದನೆ, ಮಕ್ಕಳಿಗೆ ವಂದನೆ ಎಂದ. ಒಬ್ಬ ನರ್ಸು ಹೋಗಿ ತನ್ನ ತಾಯಿಗೆ ವಂದಿಸಿ ಅತ್ತಳು. ಒಬ್ಬ ಡ್ರೈವರ್ ಬಂದು ತನ್ನ ನೆರೆಯವನಿಗೆ ವಂದಿಸಿದ. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಅಯ್ಯೋ ದೇವರೇ, ಇಲ್ಲಿ ಎಲ್ಲರೂ ವಂದನಾರ್ಪಣೆಯನ್ನೇ ಮಾಡುತ್ತಿದ್ದಾರೆ! ಜನ ಕದಲುತ್ತಿಲ್ಲ! ಉಪವಾಸವಾದ್ದರಿಂದ ಊಟದ ಸಾಲೂ ಇಲ್ಲ! ಇಪ್ಪತ್ತು ವರ್ಷ ನಾನು ಹುಡುಕಿದ ಸಭೆ ಸಮುದ್ರ ದಾಟಿ ಇಲ್ಲಿ ಕುಳಿತಿತ್ತು.

"ನಾ ಹೋಗಿ ಎರಡು ಮಾತು ಆಡಿ ಬರ್ತೀನಿ" ಎಂದೆ. ನೀಲಮ್ಮ ನನ್ನ ಕೋಟಿನ ತುದಿ ಹಿಡಿದಳು. "ಬ್ಯಾಡ್ರಿ, ಪರದೇಶ ಇದು. ಯಾರು ಕರದಾರ ನಿಮ್ಮನ್ನ?" ಕೋಟು ಬಿಡಿಸಿಕೊಂಡು ಹೋದೆ. ಬಿಷಪ್ ನನ್ನ ಕಾಲು ನೋಡಿದರು, ಬೂಟು ಹಾಕಿಕೊಂಡಿದ್ದೆ, ನಕ್ಕು ತಲೆಯಾಡಿಸಿದರು. ಮೈಕು ಹಿಡಿದೆ. ಇನ್ನೂರು ಕಣ್ಣುಗಳು ನನ್ನ ಮೇಲಿದ್ದವು. ಏನು ಹೇಳಲಿ? ನನ್ನ ನಾಲಿಗೆಗೆ ಗೊತ್ತಿದ್ದದ್ದು ಒಂದೇ ದಾರಿ, ಅದು ತಾನಾಗಿ ಆ ದಾರಿ ಹಿಡಿಯಿತು. ಸಭೆಯ ಅಧ್ಯಕ್ಷರಿಗೆ ವಂದಿಸಿದೆ. ಕುರ್ಚಿ ಹಾಕಿದವರಿಗೆ, ಮೈಕ್ ಸೆಟ್ಟಿನವರಿಗೆ, ಕರೆಂಟು ತೆಗೆಯದ ವಿದ್ಯುತ್ ಇಲಾಖೆಗೆ, ಪೊಲೀಸ್ ಇಲಾಖೆಗೆ, ಅಲ್ಲಿಲ್ಲದ ಪತ್ರಿಕಾ ಮಿತ್ರರಿಗೆ, ಹೂವಿನ ಅಲಂಕಾರ ಮಾಡಿದವರಿಗೆ, ಬೂಟು ತಂದುಕೊಟ್ಟ ಬಿಷಪ್ಪರಿಗೆ ಇನ್ನೊಮ್ಮೆ, ಚಹಾದ ವ್ಯವಸ್ಥೆ ಮಾಡಿದವರಿಗೆ ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡು, ಚಹಾದ ವ್ಯವಸ್ಥೆ ಮಾಡದವರಿಗೆ ಕೂಡ ವಂದಿಸಿದೆ. ಸಭೆ ನಕ್ಕಿತು, ತಲೆದೂಗಿತು. ಕೊನೆಗೆ ಕೈಮುಗಿದು ನಿಂತೆ. ಇಡೀ ಸಭೆ ಒಂದೇ ದನಿಯಲ್ಲಿ 'ಆಮೆನ್' ಎಂದಿತು! ಮೈಯೆಲ್ಲಾ ರೋಮಾಂಚನ! ಮೊದಲಿನಿಂದ ಇನ್ನೊಮ್ಮೆ ಮಾಡಿಬಿಡಲೇ ಎಂದುಕೊಂಡೆ.

ಗಾಳಿಯಲ್ಲಿ ತೇಲುತ್ತ ನನ್ನ ಜಾಗಕ್ಕೆ ಬರುತ್ತಿದ್ದೇನೆ, ನೀಲಮ್ಮ ಎದುರಿಗೇ ಎದ್ದು ಬರುತ್ತಿದ್ದಾಳೆ. ಮೆಚ್ಚಿ ಕೈಕುಲುಕಲು ಬಂದಳೇನೋ ಎಂದು ಕೈ ಚಾಚಿದೆ. ಅವಳು ನನ್ನ ಪಕ್ಕದಿಂದ ಸರಿದು ನೆಟ್ಟಗೆ ಮೈಕಿಗೆ ಹೋದಳು! ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವಳು ಮೈಕು ಮುಟ್ಟಿದ್ದನ್ನು ನಾನು ಕಂಡಿಲ್ಲ. ಸೆರಗು ಹೊದ್ದುಕೊಂಡು, "ಎಲ್ಲಾರಿಗೂ ನಮಸ್ಕಾರ್ರಿ" ಎಂದು ಹಟ್ಟಿಯ ಕನ್ನಡದಲ್ಲೇ ಶುರುಮಾಡಿದಳು. ಬಿಷಪ್ ನನ್ನ ಕಡೆ ತಿರುಗಿ, ಬ್ರದರ್, ದಯವಿಟ್ಟು ಸಿಸ್ಟರ್ ಹೇಳುವುದನ್ನು ನಮಗೆ ಇಂಗ್ಲಿಷಿನಲ್ಲಿ ಹೇಳಿ ಎಂದರು. ನಾನು ಮತ್ತೆ ಹೋಗಿ ಅವಳ ಪಕ್ಕ ನಿಂತೆ. ಎರಡನೆಯ ಸಲ ಮೈಕು ಸಿಕ್ಕಿತಲ್ಲ ಎಂಬ ಖುಷಿಯೇ ಆಗ ನನಗೆ ಹೆಚ್ಚಾಗಿತ್ತು.

"ನನ್ನ ಹೆಸರು ನೀಲಮ್ಮ. ನಮ್ಮಪ್ಪ ಬಂಗಾರದ ಗಣಿಯಾಗ ಕೆಳಗಿಳಿದು ಕೆಲಸ ಮಾಡ್ತಿದ್ದ" ಎಂದಳು. ಇದು ಸುಲಭ. ಸ್ವಲ್ಪ ತೂಕ ಬರಲೆಂದು ಇವಳ ತಂದೆಯ ಬಳಿ ಬಹಳ ಬಂಗಾರವಿತ್ತು ಎಂದು ಸೇರಿಸಿದೆ. ಅವಳು ಓರೆಗಣ್ಣಿನಿಂದ ನೋಡಿ, "ಬಂಗಾರ ಕಂಪನೀದ್ರಿ, ನಮ್ಮನೀದಲ್ಲ. ಇದ್ದದ್ದಷ್ಟ ಹೇಳ್ರಿ" ಎಂದಳು. ತಿದ್ದಿ ಹೇಳಿದೆ. "ಅಪ್ಪ ಪಾಳಿ ಮುಗಿಸಿ ಬಂದು, ಮುಖ ತೊಳಕೊಂಡು, ನಮ್ಮವ್ವನ ಎದುರಿಗೆ ಕುಂದ್ರತಿದ್ದ. ಇವತ್ತ ಏನಾತು ಅಂತ ಕೇಳ್ತಿದ್ದ. ಅವ್ವ ಹೇಳಿದ್ದು ಪೂರಾ ಕೇಳಿ ಆಮ್ಯಾಲ ಉಣತಿದ್ದ." ಇದನ್ನೂ ಹೇಳಿದೆ. ರೋಸಾ ಕೆನ್ನೆಗೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು. "ನಮ್ಮ ಯಜಮಾನ್ರು ಈಗ ಕುರ್ಚಿಗೆ, ಕರೆಂಟಿಗೆ, ಪೊಲೀಸರಿಗೆ ವಂದಿಸ್ಯಾರ. ನನ್ನ ಹೆಸರು ಬಿಟ್ಟಾರ." ಹೌದಲ್ಲ! ಮುದುಕ ಹೆಂಡತಿಯ ಹೆಸರು ಹೇಳಿದ್ದ, ನರ್ಸು ತಾಯಿಯ ಹೆಸರು ಹೇಳಿದ್ದಳು, ನಾನು ಹೂಕುಂಡಕ್ಕೂ ವಂದಿಸಿ ಇವಳನ್ನು ಮರೆತಿದ್ದೆ. ಸಭೆ ಕಾಯುತ್ತಿತ್ತು. ನಾನು ನಗುತ್ತ, "ಮೈ ಹಸ್ಬೆಂಡ್ ಈಸ್ ಎ ವೆರಿ ಗುಡ್ ಮ್ಯಾನ್" ಎಂದೆ.

"ನಾ ಹಂಗಂದಿಲ್ಲ" ಎಂದಳು ನೀಲಮ್ಮ ಮೈಕಿನಲ್ಲೇ. ಅದಕ್ಕೆ ಅನುವಾದ ಬೇಕಾಗಲಿಲ್ಲ, ಅವಳು ಅಲ್ಲಾಡಿಸಿದ ತೋರುಬೆರಳೇ ಸಾಕಾಯಿತು. ಸಭೆ ಗೊಳ್ಳೆಂದಿತು. ಬಿಷಪ್ಪರೂ ನಕ್ಕರು. ಬೆವರು ಒರೆಸಿಕೊಂಡು ನಿಜವನ್ನೇ ಹೇಳಿದೆ, ಕುರ್ಚಿ, ಕರೆಂಟು, ಪೊಲೀಸ್ ಎಲ್ಲಾ ಸೇರಿಸಿ.

ಆಮೇಲೆ ಅವಳು ನನ್ನ ಕಡೆ ತಿರುಗಿಯೇ ಮಾತಾಡಿದಳು. "ಇವ್ರಿಗೆ ಇಪ್ಪತ್ತು ವರ್ಷದಿಂದ ಒಂದ ಚಿಂತಿ. ನನ್ನ ಮಾತು ಯಾರೂ ಕೇಳಂಗಿಲ್ಲ, ಎಲ್ಲಾರೂ ಎದ್ದು ಹೋಗ್ತಾರ ಅಂತ. ಕಾರ್ಯಕ್ರಮದ ಹಿಂದಿನ ದಿನ ಮನ್ಯಾಗ ಗಟ್ಟಿಯಾಗಿ ಓದ್ತಾರ. ನಾ ಒಲಿ ಮುಂದ ರೊಟ್ಟಿ ಬಡಕೋತ ಕೇಳ್ತೀನಿ. ಮೊದಲಿಂದ ಕಡೀತನಕ ಕೇಳ್ತೀನಿ. ಒಂದು ಸಲನೂ ಎದ್ದು ಹೋಗಿಲ್ಲ. ಆದ್ರೂ ಯಾರೂ ಕೇಳಂಗಿಲ್ಲ ಅಂತಾರ. ಹಂಗಾರ ನಾ ಯಾರ್ರೀ?"

ಇದನ್ನು ನಾನು ಇಂಗ್ಲಿಷಿಗೆ ತರಬೇಕಿತ್ತು. ಡಬ್ಬಿಗಳ ಮೇಲೆ ಇಂಥ ಮಾತು ಎಲ್ಲೂ ಬರೆದಿರುವುದಿಲ್ಲ. ಒಂದೊಂದೇ ಪದ ಹುಡುಕಿ ಹೇಳಿದೆ. ಇಪ್ಪತ್ತು ವರ್ಷ ಎಂದೆ, ರೊಟ್ಟಿ ಎಂದೆ, ಎದ್ದು ಹೋಗಿಲ್ಲ ಎಂದೆ. ಕೊನೆಯ ಮಾತನ್ನು "ದೆನ್ ಹೂ ಆಮ್ ಐ" ಎಂದು ಹೇಗೋ ಮುಗಿಸಿದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಒಂದು ಕುರ್ಚಿ ಕಿರುಗುಟ್ಟಲಿಲ್ಲ, ಒಬ್ಬರೂ ಎದ್ದು ಹೋಗಲಿಲ್ಲ. ನಾನು ಬಯಸಿದ್ದ ಆ ಒಂದು ಸಲ ಇದೇ ಆಗಿತ್ತು, ಆದರೆ ಅಲ್ಲಿದ್ದವರೆಲ್ಲ ಕೇಳಿದ ಮಾತು ನನ್ನದಲ್ಲ, ಅವಳದು. 'ಆಮೆನ್' ಈ ಸಲ ಮೆಲ್ಲಗೆ ಬಂತು. ರೋಸಾ ಓಡಿಬಂದು ನೀಲಮ್ಮನನ್ನು ಅಪ್ಪಿಕೊಂಡಳು. ಬಿಷಪ್ ನನ್ನ ಕೈಹಿಡಿದು, ಬಹಳ ಒಳ್ಳೆಯ ಅನುವಾದ ಎಂದರು. ಸಂಕಟದಲ್ಲೂ ನನಗೆ ಖುಷಿಯಾದದ್ದು ಸುಳ್ಳಲ್ಲ.

ಹೋಟೆಲಿಗೆ ನಡೆದು ಬರುವಾಗ ದಾರಿಯಲ್ಲಿ ನಿಂತು, "ನೀಲಾ, ತಪ್ಪಾತು. ಇನ್ನ ಮ್ಯಾಲೆ ನೀ ಹೇಳಿದ್ದು ನಾನೂ ಪೂರಾ ಕೇಳ್ತೀನಿ. ನಿಮ್ಮಪ್ಪನಂಗ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೋಡೋಣು ತಗೋರಿ" ಎಂದಳು. ಸಿಟ್ಟು ಇಳಿದಿತ್ತು. ಅಂದು ಮಧ್ಯಾಹ್ನ ಇಬ್ಬರೂ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಂದೇ ತಟ್ಟೆಯಲ್ಲಿ ತಿಂದೆವು. ನಾನು ಬೇರೆಯೇ ಮನುಷ್ಯನಾಗಿ ಸಿಂಧನೂರಿಗೆ ಮರಳುತ್ತಿದ್ದೇನೆ ಎಂದು ನನಗೆ ಪೂರ್ತಿ ನಂಬಿಕೆ ಬಂದಿತ್ತು.

ಊರಿಗೆ ಬಂದು ಎಂಟು ದಿನವಾಗಿರಬಹುದು. ಸಂಘದವರು ವಿದೇಶ ಪ್ರವಾಸದ ಅನುಭವ ಹೇಳಲು ನನಗೆ ಹತ್ತು ನಿಮಿಷ ಕೊಟ್ಟರು. ವಂದನಾರ್ಪಣೆಯಲ್ಲ, ಭಾಷಣ! ಮಧ್ಯಾಹ್ನ ಅಂಗಡಿಯಿಂದ ಬಂದವನೇ ಪಡಸಾಲೆಯಲ್ಲಿ ಕಾಗದ ಹರಡಿಕೊಂಡು ಕುಳಿತೆ. 'ಕೇಳುವುದರ ಮಹತ್ವ' ಎಂದು ತಲೆಬರಹ ಕೊಟ್ಟೆ. ಹೆಂಡತಿಯ ಮಾತನ್ನು ಕಿವಿಗೊಟ್ಟು ಕೇಳುವವನೇ ನಿಜವಾದ ಗೃಹಸ್ಥ ಎಂಬ ವಾಕ್ಯ ಬಹಳ ಚೆನ್ನಾಗಿ ಬಂತು, ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಒಳಗಿನಿಂದ ನೀಲಮ್ಮ ಏನೋ ಹೇಳುತ್ತಿದ್ದಳು. ನಾನು ಹೂಂ ಅಂದೆ. ಇನ್ನೂ ಏನೋ ಹೇಳಿದಳು. ಹೌದೌದು ಅಂದೆ. ಬಹಳ ಹೊತ್ತು ಹೇಳಿದಳು ಅಂತ ಕಾಣುತ್ತದೆ, ಯಾಕೆಂದರೆ ನಾನು ಅಷ್ಟರಲ್ಲಿ ಎರಡು ಪುಟ ಬರೆದಿದ್ದೆ.

ರೊಟ್ಟಿಯ ಹಿಟ್ಟಿನ ಕೈಯಲ್ಲೇ ಅವಳು ಹೊರಗೆ ಬಂದು ನನ್ನ ಎದುರಿಗೆ ನಿಂತಳು.

"ರೀ, ಈಗ ನಾ ಹೇಳಿದ್ದನ್ನ ಇಂಗ್ಲಿಷಿನ್ಯಾಗ ಹೇಳ್ರಿ ನೋಡೋಣು."

ನಾನು ಎದ್ದು ನಿಂತೆ. ಕಾಗದ ಕೆಳಗಿಟ್ಟೆ. ಗಂಟಲು ಸರಿಮಾಡಿಕೊಂಡೆ. "ಮೈ ವೈಫ್ ಈಸ್ ಸೇಯಿಂಗ್" ಎಂಬಲ್ಲಿಯವರೆಗೆ ಸಲೀಸಾಗಿ ಬಂತು.